ಒಡವೆಯ ಬೆನ್ನು: ಮಸ್ಕಿ ಸೀಮೆಯ ಅಕ್ಕಸಾಲೆ ಮನೆತನಗಳ ಕಸುಬು ಮತ್ತು ಮೀನಾ ಕೆಲಸದ ಚರಿತ್ರೆ

ಲೋಹದ ಮೇಲೆ ಬಣ್ಣದ ಗಾಜು ಕರಗಿಸಿ ಬೆಸೆಯುವ ಮೀನಾ ಕೆಲಸದ ಒಡವೆ ಕೈಗೆ ಸಿಕ್ಕರೆ ಮೊದಲು ಅದನ್ನು ಮಗುಚಿ ನೋಡಬೇಕು. ಮುಂಬದಿಯಲ್ಲಿ ಕುಂದಣದಲ್ಲಿ ಕೂತ ಹರಳುಗಳಿರುತ್ತವೆ. ಅದು ಊರಿಗೆ ತೋರುವ ಮುಖ. ಹೂ, ಬಳ್ಳಿ, ಹಕ್ಕಿಗಳ ಕೆಂಪು ಹಸಿರು ಬಿಳಿ ಬಣ್ಣಗಳು ಇರುವುದು ಬೆನ್ನಿನಲ್ಲಿ, ಮೈಗೆ ತಾಗುವ ಬದಿಯಲ್ಲಿ. ಅಪರಂಜಿ ಮೆದು ಲೋಹ, ಮೈಗೆ ಉಜ್ಜಿ ಸವೆಯುತ್ತದೆ. ಗಾಜಿನ ಹೊದಿಕೆ ಅದನ್ನು ಕಾಯುತ್ತದೆ ಎಂಬುದು ಕಸುಬಿನವರು ಕೊಡುವ ಕಾರಣ. ಆ ಕಾರಣ ಸರಿಯೇ. ಆದರೆ ಸವೆತ ತಡೆಯಲು ಒಂದೇ ಬಣ್ಣದ ಲೇಪ ಸಾಕಿತ್ತು, ಹಕ್ಕಿಯ ಕೊಕ್ಕಿಗೆ ಬೇರೆ ಬಣ್ಣ ತುಂಬುವ ಅಗತ್ಯ ಇರಲಿಲ್ಲ. ತೊಟ್ಟವಳಿಗೂ ಮಾಡಿದವನಿಗೂ ಮಾತ್ರ ಗೊತ್ತಿರುವ ಆ ಬದಿಗೆ ಕೆಲಸಗಾರರು ತಲೆತಲಾಂತರ ತಮ್ಮ ಕಣ್ಣನ್ನೇ ತೇಯ್ದಿದ್ದಾರೆ.

ಅವಿಭಜಿತ ಭಾರತದಲ್ಲಿ ಈ ಕಸುಬು ನೆಲೆಸಿದ ಊರುಗಳ ಹೆಸರು ಹೇಳುವಾಗ ಜೈಪುರ, ವಾರಾಣಸಿ, ಲಖನೌ, ದೆಹಲಿ, ಮುಲ್ತಾನ್, ಕಾಂಗಡಾ ಬರುತ್ತವೆ. ದಕ್ಷಿಣಕ್ಕೆ ಬಂದರೆ ಹೈದರಾಬಾದ್. ಕೃಷ್ಣೆ ತುಂಗಭದ್ರೆಗಳ ನಡುವಿನ ಸೀಮೆಯ ಒಂದು ಊರೂ ಆ ಸಾಲಿನಲ್ಲಿ ಇಲ್ಲ. ಶಾಸನಗಳು 'ಎಡೆದೊರೆ ಎರಡುಸಾಸಿರ' ಎಂದು ಕರೆದ ಈ ನಾಡಿನಲ್ಲಿ, ಇಂದಿನ ಮಸ್ಕಿ, ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳಲ್ಲಿ, ಮೀನಾ ಕೆಲಸಕ್ಕೆ ಬೇಕಾದ್ದು ಏನೂ ಇರಲಿಲ್ಲವೆಂದಲ್ಲ. ಆ ಕೆಲಸಕ್ಕೆ ಬೇಕಾದವು ನಾಲ್ಕು: ಒಳ್ಳೆಯ ಚಿನ್ನ, ಬಣ್ಣದ ಗಾಜು, ಕೆತ್ತುವ ಕೈ, ಬೆಂಕಿಯನ್ನು ಅಳೆಯಬಲ್ಲ ಕಣ್ಣು. ನಾಲ್ಕೂ ಇಲ್ಲಿ ಇದ್ದವು, ಜೈಪುರದ ಹೆಸರು ಹುಟ್ಟುವುದಕ್ಕಿಂತ ಬಹಳ ಮೊದಲೇ ಇದ್ದವು. ಹಾಗಿದ್ದೂ ಅವು ಒಂದು ಮನೆಯ ಕಸುಬಾಗಿ ಕೂಡಿಕೊಳ್ಳಲಿಲ್ಲ ಏಕೆ ಎಂಬುದು ಈ ಲೇಖನದ ಪ್ರಶ್ನೆ.

ಚಿನ್ನದಿಂದ ಶುರುಮಾಡೋಣ

1915ರಲ್ಲಿ ಮಸ್ಕಿಯ ಗುಡ್ಡಗಳಲ್ಲಿ ತಿರುಗಾಡುತ್ತಿದ್ದ ಸಿ. ಬೀಡನ್ ಅಶೋಕನನ್ನು ಹುಡುಕಿಕೊಂಡು ಬಂದವನಲ್ಲ. ಅವನು ಗಣಿ ಎಂಜಿನಿಯರ್, ಹುಡುಕುತ್ತಿದ್ದದ್ದು ಚಿನ್ನ. ದುರ್ಗದ ಗುಡ್ಡದ ಗವಿಯಲ್ಲಿ ಅವನಿಗೆ ಸಿಕ್ಕ ಬಂಡೆಬರಹವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. 'ದೇವಾನಾಂಪಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಅದರಲ್ಲಿತ್ತು. ಶಾಸನಗಳ ದೊರೆ ಯಾರೆಂಬ ಚರ್ಚೆ ಅಲ್ಲಿಗೆ ತೀರಿತು. ಈ ಕತೆಯನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಚಿನ್ನ ಹುಡುಕುವವನಿಗೆ ಆ ಶಾಸನ ಕಂಡದ್ದನ್ನು ಮಾತ್ರ ಕಾಕತಾಳೀಯವೆಂದು ಬಿಡಲಾಗದು ಎಂಬುದು ನನ್ನ ಅಭಿಪ್ರಾಯ. ಬ್ರಹ್ಮಗಿರಿಯ ಶಾಸನ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವನ್ನು 'ಸುವರ್ಣಗಿರಿ' ಎನ್ನುತ್ತದೆ. ಅದು ಕನಕಗಿರಿಯೋ, ಮಸ್ಕಿಯ ಆಸುಪಾಸೋ, ಆಂಧ್ರದ ಜೊನ್ನಗಿರಿಯೋ ಎಂದು ವಿದ್ವಾಂಸರು ವಾದಿಸಿದ್ದಾರೆ. ಯಾವುದಾದರೂ ಆಗಲಿ, ಆ ಹೆಸರಿನ ಹಿಂದಿರುವುದು ಈ ಸೀಮೆಯ ಚಿನ್ನ.

ಮಸ್ಕಿಗೆ ಉತ್ತರದಲ್ಲಿರುವ ಹಟ್ಟಿಯಲ್ಲಿ ಆಧುನಿಕ ಗಣಿ ತೆರೆದವರಿಗೆ ತಮಗಿಂತ ಮೊದಲೇ ಯಾರೋ ಬಲು ಆಳಕ್ಕೆ ಇಳಿದಿದ್ದರೆಂದು ತಿಳಿಯಿತು. ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಇಂಗಾಲ ಪರೀಕ್ಷೆ ಸುಮಾರು 1900 ವರ್ಷಗಳ ಹಿಂದಿನ ಕಾಲವನ್ನು ಸೂಚಿಸಿತು. ಆ ಜನ ಬಂಡೆಯನ್ನು ಒಡೆದದ್ದು ಬೆಂಕಿಯಿಂದ. ಬೆಣಚುಕಲ್ಲಿನ ಪದರಕ್ಕೆ ಸೌದೆ ಒಟ್ಟಿ ಕಾಯಿಸುವುದು, ಕಾದ ಕಲ್ಲಿಗೆ ನೀರು ಎರಚುವುದು, ಬಿರುಕು ಬಿಟ್ಟದ್ದನ್ನು ಕಿತ್ತು ಮೇಲೆ ತಂದು ಬಂಡೆಯ ಕುಳಿಗಳಲ್ಲಿ ಅರೆಯುವುದು, ಆ ಪುಡಿಯನ್ನು ನೀರಿನಲ್ಲಿ ಜಾಲಿಸುವುದು. ಅರೆದು ಅರೆದು ನುಣುಪಾದ ಕುಳಿಗಳನ್ನು ಹೈದರಾಬಾದ್ ಸಂಸ್ಥಾನದ ಭೂವಿಜ್ಞಾನಿ ಲಿಯೊನಾರ್ಡ್ ಮನ್ 1930ರ ದಶಕದಲ್ಲಿ ಗುರುತಿಸಿ ಬರೆದರು. ನದಿಮರಳಿನಿಂದ ಚಿನ್ನ ಜಾಲಿಸುವ ಜಲಗಾರರನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಕಪ್ಪತಗುಡ್ಡದ ಕಡೆ ಕಂಡಿದ್ದರು. ಇನ್ನೂ ಹಿಂದಕ್ಕೆ ಹೋದರೆ, ತುಂಗಭದ್ರೆಯ ಆಚೆ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಅವರು 1963-64ರಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಪದರದಿಂದಲೇ ಚಿನ್ನದ ಕಿವಿಯೊಡವೆಗಳು ಹೊರಬಂದವು. ಕಲ್ಲಿನ ಕೊಡಲಿ ಹಿಡಿದವರ ಕಿವಿಯಲ್ಲಿ ಚಿನ್ನದ ಸುರುಳಿ ಇತ್ತು. ಈ ನಾಡಿನ ಒಡವೆಯ ಚರಿತ್ರೆ ಅಷ್ಟು ಹಳೆಯದು.

ಮಣಿ ಮತ್ತು ಗಾಜು

ಮಸ್ಕಿಯ ಇನ್ನೊಂದು ಹೆಸರುವಾಸಿ ವಸ್ತು ಮಣಿ. ಫೂಟ್ 1870ರಲ್ಲಿ ಒಮ್ಮೆ, 1888ರಲ್ಲಿ ಮತ್ತೊಮ್ಮೆ ಈ ಊರಿಗೆ ಬಂದು ಹಳೆಯ ನೆಲೆಯನ್ನು ಗುರುತಿಸಿದರು. 1930ರ ದಶಕದಲ್ಲಿ ಹೈದರಾಬಾದ್ ಪುರಾತತ್ವ ಇಲಾಖೆ ಇಲ್ಲಿ ಅಗೆಯಿತು. 1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನ ನೆಲೆಯ ಕಾಲಕ್ರಮವನ್ನು ಬಿಡಿಸಿಟ್ಟಿತು: ತಾಮ್ರಶಿಲಾಯುಗ, ಬೃಹತ್ ಶಿಲಾಯುಗ, ಆರಂಭಿಕ ಇತಿಹಾಸ ಕಾಲ, ಮಧ್ಯಯುಗ. 1957ರಲ್ಲಿ ಪ್ರಕಟವಾದ ಅವರ ವರದಿ ಇಂದಿಗೂ ಮಸ್ಕಿ ಕುರಿತ ಬರವಣಿಗೆಗೆಲ್ಲ ಬುನಾದಿ. ಅಕೀಕು, ಕೆಂಪು ಅಕೀಕು, ಶಂಖ, ಗಾಜು ಹೀಗೆ ಬಗೆಬಗೆಯ ಮಣಿಗಳು ಈ ಊರಿನ ಮಣ್ಣಿನಿಂದ ಬಂದಿವೆ. ದಕ್ಷಿಣ ಭಾರತದ ಗಾಜಿನ ಆರಂಭದ ಕತೆ ಬರೆಯುವವರು ಮಸ್ಕಿಯ ಹೆಸರು ಬಿಟ್ಟು ಮುಂದೆ ಹೋಗುವುದಿಲ್ಲ.

ಬೃಹತ್ ಶಿಲಾಯುಗದ ದಕ್ಷಿಣದ ಸಮಾಧಿಗಳಲ್ಲಿ ಸಿಗುವ ಒಂದು ಜಾತಿಯ ಮಣಿಯ ಬಗ್ಗೆ ಇಲ್ಲಿ ನಿಂತು ಹೇಳಲೇಬೇಕು. ಕೆಂಪು ಅಕೀಕಿನ ಮೇಲೆ ಬಿಳಿ ಗೆರೆಗಳಿರುವ ಮಣಿ ಅದು. ನೋಡಿದವರು ಕಲ್ಲಿನ ಸಹಜ ಗೆರೆಯೆಂದು ತಿಳಿಯುತ್ತಾರೆ. ಆ ಗೆರೆ ಮನುಷ್ಯ ಬರೆದದ್ದು: ಸವಳಿನ ಸೋಡಾವನ್ನು ಗಿಡದ ರಸದಲ್ಲಿ ಕಲಸಿ, ಕಡ್ಡಿಯಿಂದ ಕಲ್ಲಿನ ಮೇಲೆ ಬರೆದು, ಕೆಂಡದಲ್ಲಿ ಕಾಯಿಸಿದರೆ ಬಿಳುಪು ಕಲ್ಲಿನೊಳಕ್ಕೆ ಇಳಿಯುತ್ತದೆ, ಮತ್ತೆ ಅಳಿಸುವುದಿಲ್ಲ. ಈ ವಿಧಾನವನ್ನು ಪುರಾತತ್ವಜ್ಞ ಅರ್ನೆಸ್ಟ್ ಮೆಕೆ ಸಿಂಧ್ ಪ್ರಾಂತದ ಸೆಹ್ವಾನಿನ ಒಬ್ಬ ಮುದುಕನಿಂದ ಕೇಳಿ 1933ರಲ್ಲಿ ಬರೆದಿಟ್ಟರು. ಅದು ಗ್ರಂಥದಲ್ಲಿ ಇರಲಿಲ್ಲ, ಒಬ್ಬ ಕೆಲಸಗಾರನ ನೆನಪಿನಲ್ಲಿ ಮಾತ್ರ ಉಳಿದಿತ್ತು. ಲೋಹದ ಮೇಲೆ ಗಾಜು ಕರಗಿಸುವ ಮೀನಾ ಕೆಲಸಕ್ಕೂ ಕಲ್ಲಿನ ಮೇಲೆ ಕ್ಷಾರ ಇಳಿಸುವ ಈ ಕೆಲಸಕ್ಕೂ ವಸ್ತು ಬೇರೆ, ತತ್ವ ಒಂದೇ: ಬಣ್ಣವನ್ನು ಅಂಟಿಸುವುದಲ್ಲ, ಬೆಂಕಿಯಿಂದ ಮೈಗೂಡಿಸುವುದು. ಎರಡು ಸಾವಿರ ವರ್ಷಕ್ಕೂ ಹಿಂದೆ ದಕ್ಷಿಣದವರಿಗೆ ಇದು ಪರಿಚಿತ ವಿದ್ಯೆ.

ಗಾಜಿನ ಮಣಿಯ ಕಸುಬು ಮನೆತನವಾಗಿ ಉಳಿದ ಉದಾಹರಣೆಯೂ ದೂರವಿಲ್ಲ. ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಕರಗಿದ ಗಾಜನ್ನು ಕೊಳವೆಯಾಗಿ ಎಳೆದು ತುಂಡರಿಸಿ ಮಣಿ ಮಾಡುವ ಪುರಾತನ ವಿಧಾನ ಇತ್ತೀಚಿನವರೆಗೂ ಮನೆಗಳಲ್ಲೇ ನಡೆದುಬಂದಿತ್ತು. ಮಣಿಗಳ ವಿದ್ವಾಂಸ ಪೀಟರ್ ಫ್ರಾನ್ಸಿಸ್ ಅದನ್ನು ವಿವರವಾಗಿ ದಾಖಲಿಸಿದರು. ಎಡೆದೊರೆಯಲ್ಲಿ ಗಾಜು ಕೊನೆಗೆ ಬಳೆಗಾರನ ಮಲಾರದಲ್ಲಿ ಉಳಿಯಿತು. ಅಕ್ಕಸಾಲೆಯ ಅಗ್ಗಿಷ್ಟಿಕೆಯ ಬಳಿಗೆ ಅದು ಬರಲಿಲ್ಲ.

ಅಕ್ಕಸಾಲೆ ಎಂಬ ಮಾತು

ಅಕ್ಕಸಾಲೆ ಎಂದರೆ ನಮಗೆ ಈಗ ಚಿನ್ನದ ಕೆಲಸದವನು. ಮಾತಿನ ಬೇರು ಹಿಡಿದು ಹೋದರೆ ಸಿಗುವುದು ವ್ಯಕ್ತಿಯಲ್ಲ, ಒಂದು ಕಟ್ಟಡ. ಕೌಟಿಲ್ಯನ ಅರ್ಥಶಾಸ್ತ್ರ 'ಅಕ್ಷಶಾಲೆ'ಯನ್ನು ವರ್ಣಿಸುತ್ತದೆ: ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಸಾಲೆಗಳು, ಹೋಗಿಬರಲು ಒಂದೇ ಬಾಗಿಲು. ಒಳಗೆ ಚಿನ್ನ ಬೆಳ್ಳಿಯ ಕೆಲಸ, ಮೇಲೆ ಸುವರ್ಣಾಧ್ಯಕ್ಷನ ಕಾವಲು. ಅಲ್ಲಿಯ ಕೆಲಸಗಳನ್ನು ವಿಂಗಡಿಸುವಾಗ ಗ್ರಂಥ 'ಕ್ಷೇಪಣ' ಎಂಬ ಬಗೆಯನ್ನು ಹೆಸರಿಸಿ, ಕಾಚವನ್ನು ಕೂರಿಸುವುದು ಮೊದಲಾದವು ಅದರಲ್ಲಿ ಸೇರುತ್ತವೆ ಎನ್ನುತ್ತದೆ. ಕಾಚ ಎಂದರೆ ಗಾಜು. ಚಿನ್ನದ ಮೇಲೆ ಗಾಜು ಎಂಬ ಯೋಚನೆ ಪಾರಸಿಯ 'ಮೀನಾ' ಎಂಬ ಪದ ಈ ದೇಶಕ್ಕೆ ಬರುವ ಮೊದಲೇ ಇತ್ತೆಂಬುದಕ್ಕೆ ಇದು ಸಾಕು. ಆದರೆ ಅದನ್ನೇ ಮೀನಾ ಎಂದು ಓದಿಬಿಡುವ ಆತುರ ಬೇಡ. ಕೂರಿಸುವುದು ಬೇರೆ, ಕರಗಿಸಿ ಬೆಸೆಯುವುದು ಬೇರೆ.

ಅರ್ಥಶಾಸ್ತ್ರದ ಕಾಲ ಯಾವುದೇ ಇರಲಿ, ರಾಜನ ಸಾಲೆಯ ಹೆಸರು ಕನ್ನಡದಲ್ಲಿ ಒಂದು ಮನೆತನದ ಹೆಸರಾದದ್ದು ಗಮನಿಸಬೇಕಾದ ಸಂಗತಿ. ನಾಲ್ಕು ಸಾಲೆಗಳ ಕೆಲಸ ಒಬ್ಬನ ಜಗಲಿಗೆ ಬಂತು. ಉತ್ತರ ಕರ್ನಾಟಕದಲ್ಲಿ ಈ ಕಸುಬಿನವರನ್ನು ಪತ್ತಾರರು ಎನ್ನುತ್ತೇವೆ. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿಗಳ ಜೊತೆ ಸೇರಿ ಅವರು ಪಾಂಚಾಳರು. ನಿಜಾಮ ಸಂಸ್ಥಾನದ ಜಾತಿಗಳ ಬಗ್ಗೆ ಸಯ್ಯದ್ ಸಿರಾಜುಲ್ ಹಸನ್ 1920ರಲ್ಲಿ ಪ್ರಕಟಿಸಿದ ಗ್ರಂಥ ಈ ಐದು ಕಸುಬುಗಳ ಕೂಟವನ್ನು ವಿವರಿಸುತ್ತದೆ.

ಕೆತ್ತುವ ಕೈ ಮನೆತನದಲ್ಲಿ ಹರಿದುಬಂದದ್ದಕ್ಕೆ ಊಹೆ ಬೇಡ, ತಾಮ್ರಪಟಗಳೇ ಸಾಕ್ಷಿ. ಗಂಗರ ತಾಮ್ರಶಾಸನಗಳ ಕೊನೆಯಲ್ಲಿ ವಿಶ್ವಕರ್ಮಾಚಾರ್ಯನ ಹೆಸರು ಬರುತ್ತದೆ. ವಿಜಯನಗರದ ತುಳು ಅರಸರ ತಾಮ್ರಪಟಗಳನ್ನು ಕೆತ್ತಿದವನು ಮಲ್ಲಣನ ಮಗ ವೀರಣಾಚಾರ್ಯ. ಮುಂದಿನ ಅರಸರ ಪಟಗಳಲ್ಲಿ ವೀರಣನ ಮಗ ವೀರಣಾಚಾರ್ಯ. ದೊರೆಗಳು ಬದಲಾದರೂ ಉಳಿ ಒಂದೇ ಮನೆಯಲ್ಲಿ ಉಳಿಯಿತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ರತ್ನಗಳ ಪರೀಕ್ಷೆಗೂ ತೊಡುವ ಒಡವೆಗಳಿಗೂ ಬೇರೆಬೇರೆ ಪ್ರಕರಣಗಳನ್ನೇ ಮೀಸಲಿಟ್ಟಿದೆ. ಆ ಚಾಲುಕ್ಯರ ಕಾಲದಲ್ಲಿ ಮಸ್ಕಿ ಶಾಸನಗಳ 'ಪಿರಿಯ ಮೊಸಂಗಿ', ಚೋಳರ ರಾಜೇಂದ್ರನೊಡನೆ ಇಮ್ಮಡಿ ಜಯಸಿಂಹ ಕಾದಿದ ಮುಸಂಗಿ ಇದೇ ಊರೆಂದು ಗುರುತಿಸಲಾಗಿದೆ.

ಮೀನಾ ಆಗುವ ಬಗೆ

ಈಗ ಬೆಂಕಿಯ ಬಳಿಗೆ ಹೋಗೋಣ. ಮೊದಲು ಚಿತಾರಿ ಚಿತ್ರ ಬರೆದುಕೊಡುತ್ತಾನೆ. ಅಕ್ಕಸಾಲೆ ಒಡವೆಯ ಒಡಲು ಕಟ್ಟುತ್ತಾನೆ. ಕೆತ್ತುವವನು ಬಣ್ಣ ಬೀಳಬೇಕಾದ ಜಾಗಗಳನ್ನು ಕೂದಲೆಳೆಯಷ್ಟು ಆಳಕ್ಕೆ ತೋಡುತ್ತಾನೆ, ತೋಡಿದ ತಳದಲ್ಲಿ ಮತ್ತೆ ಸಣ್ಣ ಗೀರುಗಳನ್ನು ಎಳೆಯುತ್ತಾನೆ. ಆ ಗೀರುಗಳಿಗೆ ಎರಡು ಕೆಲಸ: ಗಾಜಿಗೆ ಹಿಡಿತ ಸಿಗುತ್ತದೆ, ಪಾರದರ್ಶಕ ಬಣ್ಣದ ಕೆಳಗಿನಿಂದ ಬೆಳಕು ಮಿನುಗಿ ಬರುತ್ತದೆ. ಆಮೇಲೆ ಮೀನಾಗಾರ. ಅವನ ಬಣ್ಣ ಎಂದರೆ ಲೋಹದ ಭಸ್ಮ ಬೆರೆಸಿ ಕರಗಿಸಿದ ಗಾಜಿನ ಗಟ್ಟಿ. ಕೋಬಾಲ್ಟಿನಿಂದ ಕಡುನೀಲಿ, ತಾಮ್ರದಿಂದ ಹಸಿರು, ಮ್ಯಾಂಗನೀಸಿನಿಂದ ನೇರಳೆ, ತವರದಿಂದ ಬಿಳಿ. ಗಟ್ಟಿಯನ್ನು ನುಣ್ಣಗೆ ಅರೆದು ತೊಳೆದು, ನೀರಿನಲ್ಲಿ ಕಲಸಿ, ಚೂಪು ಸಲಾಕೆಯಿಂದ ಗುಂಡಿಗಳಿಗೆ ತುಂಬುತ್ತಾನೆ. ನೀರಾರಿದ ಮೇಲೆ ಒಲೆಗೆ.

ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳ್ಳಿ 962ರಲ್ಲಿ. ಮೀನಾ ಗಾಜು ಕರಗಿ ಹರಡುವುದು ಸುಮಾರು 750ರಿಂದ 850ರ ನಡುವೆ. ಒಡವೆಯಲ್ಲಿ ಮೊದಲೇ ಹಾಕಿದ ಬೆಸುಗೆಗಳು ಚಿನ್ನಕ್ಕಿಂತ ಬೇಗ ಕರಗುವಂಥವು. ಅಂದರೆ ಕೆಲಸಗಾರನಿಗೆ ಸಿಗುವ ಅವಕಾಶ ಬಹಳ ಕಿರಿದು, ಆ ಹೊತ್ತನ್ನು ಅವನಿಗೆ ಹೇಳಿಕೊಟ್ಟದ್ದು ಕೆಂಡದ ಬಣ್ಣ. ಎಲ್ಲ ಬಣ್ಣಗಳೂ ಒಂದೇ ಕಾವಿಗೆ ಒಗ್ಗುವುದಿಲ್ಲ. ಹೆಚ್ಚು ಕಾವು ತಾಳುವ ಬಿಳಿ ಮೊದಲು, ಆಮೇಲೆ ನೀಲಿ, ಹಸಿರು, ಕಪ್ಪು, ಕೆಂಪು ಕಟ್ಟಕಡೆಗೆ. ಪ್ರತಿ ಬಣ್ಣಕ್ಕೂ ಒಡವೆ ಮತ್ತೊಮ್ಮೆ ಬೆಂಕಿ ಕಾಣಬೇಕು. ಕೊನೆಯ ಸುಡುವಿಕೆಯಲ್ಲಿ ಒಂದು ಕ್ಷಣ ಹೆಚ್ಚಾದರೆ ಹಿಂದಿನ ತಿಂಗಳುಗಳ ಕೆಲಸವೆಲ್ಲ ಹೋಯಿತು. ಕೆಂಪು ಕೈವಶವಾದವನೇ ಮೀನಾಗಾರ ಎಂಬ ಮರ್ಯಾದೆ ಇದ್ದದ್ದು ಇದಕ್ಕೆ. ಆರಿದ ಮೇಲೆ ಮೆರುಗು ಕೊಡುವವನು ಕುರಂದದ ಕಲ್ಲಿನಿಂದ ತೇಯ್ದು, ಹುಣಸೆಹಣ್ಣಿನ ಹುಳಿಯಂಥದರಲ್ಲಿ ಕುದಿಸಿ ತೊಳೆದರೆ ಚಿನ್ನದ ಗೆರೆಗಳು ಎದ್ದು ಕಾಣುತ್ತವೆ. ಇನ್ನೊಂದು ಬದಿಗೆ ಹರಳು ಕೂರಿಸುವವನು ಬರುವುದು ಆಮೇಲೆ. ಆ ಬದಿಗೆ ಅರಗು ತುಂಬಿ ಕುಂದಣ ಕಟ್ಟುವುದರಿಂದ ಅದು ಮತ್ತೆ ಬೆಂಕಿ ಕಾಣುವಂತಿಲ್ಲ.

ಎಣಿಸಿದರೆ ಒಂದು ಪದಕಕ್ಕೆ ಆರು ಕೈ. ಅಕ್ಬರನ ಕಾಲದ 'ಐನ್-ಇ-ಅಕ್ಬರಿ' ಅರಮನೆಯ ಕೆಲಸಗಾರರಲ್ಲಿ ಮೀನಾಗಾರನನ್ನು ಬೇರೆಯಾಗಿಯೇ ಎಣಿಸಿ ಅವನ ಕೂಲಿ ಹೇಳುತ್ತದೆ. ಆಮೇರಿನ ರಾಜಾ ಮಾನಸಿಂಗ್ ಲಾಹೋರಿನಿಂದ ಸಿಖ್ ಮೀನಾಗಾರರನ್ನು ಕರೆತಂದನೆಂಬುದು ಜೈಪುರದ ಮನೆತನಗಳ ಪರಂಪರೆಯ ಮಾತು. 1886ರಲ್ಲಿ ಜೇಕಬ್ ಮತ್ತು ಹೆಂಡ್ಲಿ ಜೈಪುರದ ಮೀನಾ ಕುರಿತು ಪುಸ್ತಕ ಹೊರತಂದಾಗಲೂ ಬಣ್ಣದ ಗಟ್ಟಿಗಳು ಲಾಹೋರಿನ ಬಳೆಗಾರರಿಂದ ಬರುತ್ತಿದ್ದವು. ಆ ಮನೆತನಗಳಲ್ಲಿ ಹುಟ್ಟಿದ ಸರ್ದಾರ್ ಕುದ್ರತ್ ಸಿಂಗ್ ಅವರಿಗೆ 1988ರಲ್ಲಿ ಪದ್ಮಶ್ರೀ ಸಂದಿತು. ಲಾಹೋರಿನ ಬಳೆಗಾರನ ಗಾಜು ಜೈಪುರದ ಮೀನಾಗಾರನ ಮನೆಗೆ ತಪ್ಪದೆ ತಲುಪುತ್ತಿದ್ದರೆ ಅದರ ಹಿಂದೆ ಅರಮನೆಯ ಕಾರಖಾನೆ ಇತ್ತು, ತಲೆಮಾರುಗಳ ಕಾಲ ಮುರಿಯದ ಆಶ್ರಯ ಇತ್ತು.

ಎಡೆದೊರೆಯಲ್ಲಿ ಆಗದ್ದು

ಅಂಥ ಆಶ್ರಯ ಎಡೆದೊರೆಗೆ ಸಿಗಲಿಲ್ಲ. ವಿಜಯನಗರಕ್ಕೂ ಬಹಮನಿಗಳಿಗೂ ಇದು ಹಂಚಿಕೊಳ್ಳಲಾಗದ ನೆಲ. 1520ರ ರಾಯಚೂರು ಯುದ್ಧ ಎಲ್ಲರಿಗೂ ಗೊತ್ತು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲು, 1406ರ ಸುಮಾರಿಗೆ, ಇಂದಿನ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಅಕ್ಕಸಾಲೆ ಮನೆಯ ಹುಡುಗಿಯೊಬ್ಬಳ ಹೆಸರಿನಲ್ಲೇ ಯುದ್ಧ ನಡೆಯಿತೆಂದು ಪಾರಸಿ ಚರಿತ್ರಕಾರ ಫೆರಿಷ್ತಾ ಬರೆಯುತ್ತಾನೆ. ವಿಜಯನಗರದ ಒಂದನೆಯ ದೇವರಾಯ ಅವಳನ್ನು ಬಯಸಿ ಸೈನ್ಯ ಕಳಿಸಿದ, ಅವಳ ಮನೆಯವರು ಮೊದಲೇ ಊರು ಬಿಟ್ಟಿದ್ದರು, ಬಹಮನಿ ಸುಲ್ತಾನ ಫಿರೋಜ್ ಶಾಹ್ ತಿರುಗಿಬಿದ್ದ, ಕೊನೆಗೆ ಅವಳು ಸುಲ್ತಾನನ ಮಗ ಹಸನ್ ಖಾನನನ್ನು ಮದುವೆಯಾದಳು. ಚರಿತ್ರಕಾರರು ಈ ಕತೆಯ ಪ್ರಣಯದ ಭಾಗವನ್ನು ಎಷ್ಟು ನಂಬಬೇಕೆಂದು ಚರ್ಚಿಸುತ್ತಾರೆ. ನನ್ನ ಕಣ್ಣು ನಿಲ್ಲುವುದು ಬೇರೆ ಮಾತಿನ ಮೇಲೆ: ಸೈನ್ಯ ಬರುವ ಸುದ್ದಿ ಕೇಳಿ ಅಕ್ಕಸಾಲೆಯ ಮನೆ ಓಡಿಹೋಯಿತು. ಒಂದು ಮೂಸೆ, ಒಂದು ಊದುಗೊಳವೆ, ಒರೆಗಲ್ಲು, ಕಂಬಚ್ಚು ಇಷ್ಟನ್ನು ಗಂಟು ಕಟ್ಟಿ ಹೊರಡಬಹುದು. ಆರು ಕೈಗಳ ಕೇರಿಯನ್ನು ಹಾಗೆ ಗಂಟು ಕಟ್ಟಲಾಗದು. 1443ರಲ್ಲಿ ವಿಜಯನಗರ ಕಂಡ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಅರಮನೆಯ ಬಳಿಯ ಬಜಾರಿನಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿದ್ದಾನೆ. ಅಲ್ಲಿ ಒಡವೆಗೆ ಬಣ್ಣ ಬಂದದ್ದು ಹರಳಿನಿಂದ. ಕೆಂಪಿನ ಹರಳು ಸಿಗುವ ಊರಿನಲ್ಲಿ ಕೆಂಪು ಗಾಜಿಗಾಗಿ ಒದ್ದಾಡುವವರು ಯಾರು?

ಹಳ್ಳಿಯ ಕಡೆ ಕಾರಣ ಇನ್ನೂ ಸರಳ. ಕರ್ನಲ್ ವಿಲ್ಕ್ಸ್ 1810ರಲ್ಲಿ ಮೈಸೂರು ಸೀಮೆಯ ಹನ್ನೆರಡು ಆಯಗಾರರನ್ನು ಎಣಿಸುವಾಗ ಹನ್ನೆರಡನೆಯವನಾಗಿ ಅಕ್ಕಸಾಲೆಯನ್ನು ಹೇಳಿ, ಕೆಲವು ಊರುಗಳಲ್ಲಿ ಅವನ ಬದಲು ಕವಿಯೂ ಆದ ಮೇಷ್ಟ್ರು ಇರುತ್ತಾನೆ ಎಂದು ಸೇರಿಸುತ್ತಾನೆ. ಆಯಗಾರ ಅಕ್ಕಸಾಲೆ ಊರಿಗೊಬ್ಬ. ತಾಳಿ ಮಾಡುವವನೂ ಅವನೇ, ಕಿವಿ ಚುಚ್ಚುವವನೂ ಅವನೇ, ನಾಣ್ಯ ಒರೆಹಚ್ಚಿ ನೋಡುವವನೂ ಅವನೇ. ಚಿತ್ರ, ಒಡಲು, ಕೆತ್ತನೆ, ಬೆಸುಗೆ, ಮೆರುಗು ಎಲ್ಲಕ್ಕೂ ಇದ್ದದ್ದು ಎರಡೇ ಕೈ, ತಿದಿ ಒತ್ತಲು ಮಗ. ಆ ಮಗ ಕಲಿತದ್ದು ಹೀಗೇ: ಮೊದಲು ಬೆಂಕಿ ಕಾಯುವುದು, ಆಮೇಲೆ ತಂತಿ ಎಳೆಯುವುದು, ಬಿಳಿಗಾರ ತೇಯುವುದು, ಗುಂಡು ಮಾಡುವುದು, ಬೆಸುಗೆಗೆ ಅಪ್ಪ ಕೈ ಹಾಕಲು ಬಿಡುವುದು ವರ್ಷಗಳಾದ ಮೇಲೆ. ಬೋರಮಾಳ, ಗುಂಡಿನ ಸರ, ಅವಲಕ್ಕಿ ಸರ, ಟಿಕ್ಕಿ, ಬುಗುಡಿ, ವಂಕಿ ಹೀಗೆ ಈ ಸೀಮೆಯ ಒಡವೆಗಳ ಹೆಸರು ಹೇಳಿಕೊಂಡು ಹೋದರೆ ಒಂದು ಮಾತು ಹೊಳೆಯುತ್ತದೆ. ಇವುಗಳ ಚೆಲುವು ಆಕಾರದಲ್ಲಿದೆ, ಒಂದೇ ಆಕಾರವನ್ನು ನೂರು ಸಲ ಪೋಣಿಸುವುದರಲ್ಲಿದೆ. ಬಣ್ಣಕ್ಕೆ ಇಲ್ಲಿ ದೊಡ್ಡ ಕೆಲಸವಿಲ್ಲ.

ಇದಕ್ಕೆ ಕಾರಣ ಅಭಿರುಚಿ ಮಾತ್ರವಲ್ಲ. ಮಳೆ ಕೈಕೊಡುವ ನಾಡಿನಲ್ಲಿ ಒಡವೆ ಎಂದರೆ ಕಷ್ಟಕಾಲದ ಗಂಟು. 1876-78ರ ಬರ ಈ ಸೀಮೆಯನ್ನು ಹಿಂಡಿತು. ಅಂಥ ವರ್ಷ ಹೆಂಗಸು ಸರವನ್ನು ಸಾಹುಕಾರನ ತಕ್ಕಡಿಗೆ ಹಾಕುತ್ತಾಳೆ. ತೂಕಕ್ಕೆ ತಕ್ಕ ಬೆಲೆ ಸಿಗುವುದು ಬರೀ ಚಿನ್ನಕ್ಕೆ. ಗಾಜು ಹಿಡಿದ ಒಡವೆಯಲ್ಲಿ ಗಾಜಿನ ತೂಕ ಕಳೆಯಬೇಕು, ಕರಗಿಸುವ ಮೊದಲು ಅದನ್ನು ಕೆರೆದು ತೆಗೆಯಬೇಕು, ಕೆರೆಯುವಾಗ ಚಿನ್ನವೂ ಹೋಗುತ್ತದೆ. ಮೀನಾ ಬೇಕೆನ್ನುವವರು ಒಡವೆಯನ್ನು ಎಂದೂ ಕರಗಿಸಬೇಕಾಗಿಲ್ಲದ ಮನೆಯವರು. ಬೆಳ್ಳಿಯ ಮೇಲಾದರೂ ಮಾಡಬಹುದಿತ್ತಲ್ಲ ಎಂದರೆ, ಮೀನಾದ ಹೆಸರನ್ನು ಎತ್ತಿಹಿಡಿದ ಆ ಕೆಂಪು ಬೆಳ್ಳಿಯ ಮೇಲೆ ಚಿನ್ನದ ಮೇಲಿನಷ್ಟು ಚೆನ್ನಾಗಿ ಅರಳುವುದಿಲ್ಲ. ಹಳ್ಳಿಯ ಕಡಗ, ಪೈಜಣ, ಕಾಲುಂಗುರಗಳೆಲ್ಲ ಬೆಳ್ಳಿಯವು. ಕೆಂಪು ಬೇಕಾದಾಗ ಅರಗು ಇತ್ತು: ಕಡಿಮೆ ಕಾವಿಗೆ ಕರಗುತ್ತದೆ, ಒಡೆದರೆ ಮತ್ತೆ ತುಂಬಬಹುದು.

ಬೀದರನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ವಾದ ಗಟ್ಟಿಯಾಗುತ್ತದೆ. ಬಹಮನಿಗಳ ರಾಜಧಾನಿಯಾದ ಆ ಊರಿನಲ್ಲಿ ಎರಕದವನು, ಕೆತ್ತುವವನು, ಬೆಳ್ಳಿ ಕೂರಿಸುವವನು ಒಂದೇ ಕೇರಿಯಲ್ಲಿ ನಿಂತರು. ಸತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಬಿದ್ರಿ ಕಲೆ ಮನೆತನಗಳಲ್ಲಿ ಉಳಿಯಿತು. ಆ ಕೆಲಸವನ್ನು ತಂದೆಯಿಂದ ಕಲಿತ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಿದ್ರಿ ಗಾಜಿನ ಕೆಲಸವಲ್ಲ. ಆದರೂ ಲೋಹವನ್ನು ತೋಡಿ ಅದರಲ್ಲಿ ಬೇರೆ ಬಣ್ಣ ತುಂಬುವ ಅದೇ ಯೋಚನೆ, ಆಸ್ಥಾನದ ನೆರಳಿನಲ್ಲಿ ಒಂದಾದ ಅದೇ ಹಲವು ಕೈಗಳು.

ನಿಜಾಮರ ಕಾಲದಲ್ಲಿ ಹೈದರಾಬಾದಿಗೂ ಎಡೆದೊರೆಗೂ ಆಡಳಿತದ ನಂಟು ಇತ್ತು. 1853ರಿಂದ 1860ರವರೆಗೆ ಎಡೆದೊರೆ ಬ್ರಿಟಿಷರ ಕೈಯಲ್ಲಿದ್ದದ್ದು ಬಿಟ್ಟರೆ 1948ರವರೆಗೂ ಅದು ಸಾಗಿತು. ಹೈದರಾಬಾದಿನ ಹಸಿರು ನೀಲಿ ಮೀನಾದ ಪಾನದಾನಿ, ಪದಕಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಆ ಬೇಡಿಕೆ ರಾಜಧಾನಿಯ ಗೋಡೆ ದಾಟಿ ಹಳ್ಳಿಯ ಪತ್ತಾರನವರೆಗೆ ಬರುವಷ್ಟು ದೊಡ್ಡದಾಗಲಿಲ್ಲ.

ನಂತರದ ಕಾಲ

1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಹುಟ್ಟಿ 1956ರಲ್ಲಿ ಹಟ್ಟಿಯ ಹೆಸರು ಪಡೆದ ಸಂಸ್ಥೆ ನೆಲದಡಿಯ ಚಿನ್ನವನ್ನು ಮೇಲೆ ತರುತ್ತಿದ್ದಾಗಲೇ ನೆಲದ ಮೇಲಿನ ಚಿನ್ನದ ಕೆಲಸಗಾರನಿಗೆ ದೊಡ್ಡ ಪೆಟ್ಟು ಬಿತ್ತು. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು ಹೊಸ ಒಡವೆಯನ್ನು 14 ಕ್ಯಾರಟ್ಟಿಗಿಂತ ಶುದ್ಧ ಚಿನ್ನದಲ್ಲಿ ಮಾಡಬಾರದೆಂದವು. ಪತ್ತಾರನ ವಿದ್ಯೆ ನಿಂತಿದ್ದದ್ದೇ ಮೆದು ಚಿನ್ನದ ಮೇಲೆ. 14 ಕ್ಯಾರಟ್ ಎಂದರೆ ನೂರಕ್ಕೆ 58ರಷ್ಟು ಚಿನ್ನ; ಉಳಿದದ್ದರಲ್ಲಿ ತಾಮ್ರ ಹೆಚ್ಚಿದ್ದರೆ ಕಾದಾಗ ಕಪ್ಪಡರುತ್ತದೆ, ಗುಂಡು ತಟ್ಟಿದರೆ ಸೀಳುತ್ತದೆ, ಮೀನಾ ಗಾಜು ಅದರ ಮೇಲೆ ಮಂಕಾಗುತ್ತದೆ. 14 ಕ್ಯಾರಟ್ಟಿನ ಮಿತಿಯನ್ನು 1966ರಲ್ಲಿ ತೆಗೆದರೂ 1968ರ ಕಾಯಿದೆ ಬಂತು. ಅದು ರದ್ದಾದದ್ದು 1990ರಲ್ಲಿ. ಒಂದು ತಲೆಮಾರಿನ ಹುಡುಗರು ಅಗ್ಗಿಷ್ಟಿಕೆ ಬಿಟ್ಟು ಎದ್ದುಹೋಗಲು ಇಪ್ಪತ್ತೇಳು ವರ್ಷ ಸಾಕಷ್ಟಾಯಿತು. ದೇಶದ ಹಿತಕ್ಕೆಂದು ಮಾಡಿದ ಕಾನೂನು ಎಂಬುದನ್ನು ಒಪ್ಪುತ್ತೇನೆ. ಆದರೆ ತಂದೆಯ ಕಣ್ಣಿನಿಂದ ಮಗನ ಕಣ್ಣಿಗೆ ದಾಟಬೇಕಾದ ವಿದ್ಯೆಗೆ ಒಂದು ತಲೆಮಾರು ತಪ್ಪಿದರೆ ಏನಾಗುತ್ತದೆ ಎಂದು ಅದನ್ನು ಬರೆದವರು ಯೋಚಿಸಿರಲಿಲ್ಲ.

ಈ ನಡುವೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಹರಿಯಿತು. ಭತ್ತ ಬಂತು, ಭತ್ತದ ಹಿಂದೆ ಹಣ ಬಂತು, ಚಿನ್ನದಂಗಡಿಗಳು ಬಂದವು. ಅಲ್ಲಿ ಈಗ ಮೀನಾ ಬಣ್ಣದ ಜುಮಕಿ, ಬಳೆ ಬೇಕಾದಷ್ಟು ಸಿಗುತ್ತವೆ. ಇಂಥ ಮಾಲಿನಲ್ಲಿ ಎಷ್ಟೋ ಅಚ್ಚಿನಲ್ಲಿ ಎರೆದ ಒಡಲು, ಅದರ ಮೇಲೆ ಕಾವಿಲ್ಲದೆ ಒಣಗುವ ರಾಳದ ಬಣ್ಣ. ಉಗುರಿನಿಂದ ಕೆರೆದರೆ ವ್ಯತ್ಯಾಸ ತಿಳಿಯುತ್ತದೆ: ಗಾಜು ಜಗ್ಗುವುದಿಲ್ಲ, ರಾಳದಲ್ಲಿ ಗೀರು ಬೀಳುತ್ತದೆ.

ಪತ್ತಾರರ ಕೈಯಲ್ಲಿ ಇನ್ನೂ ಹಳೆಯ ರೀತಿಯಲ್ಲೇ ಉಳಿದ ಒಂದು ವಸ್ತು ಬೆಳ್ಳಿಯ ಕರಡಿಗೆ, ಇಷ್ಟಲಿಂಗವನ್ನಿಟ್ಟು ಕೊರಳಲ್ಲಿ ಧರಿಸುವ ಪುಟ್ಟ ಭರಣಿ. ಬೆಳ್ಳಿಯ ತಗಡು ತಟ್ಟಿ, ಎರಡು ಹೋಳು ಕೂಡಿಸಿ, ಮೇಲೆ ದಾರಕ್ಕೆ ಕೊಂಡಿ ಬೆಸೆದು, ಮೈಮೇಲೆ ಉಳಿಯಿಂದ ಬಳ್ಳಿ ಕೆತ್ತುತ್ತಾರೆ. ಮೀನಾಗಾರ ಬಣ್ಣ ತುಂಬಲು ತೋಡುವಂಥದೇ ತೋಡು, ಅಂಥದೇ ಗೀರು. ತುಂಬಲು ಗಾಜಿಲ್ಲ ಅಷ್ಟೆ. ದಿನವೂ ವಿಭೂತಿ ಹಚ್ಚಿದ ಬೆರಳುಗಳಿಂದ ಅದನ್ನು ತೆರೆದು ಮುಚ್ಚಿ, ವರ್ಷಗಳು ಕಳೆದಂತೆ ಕೆತ್ತನೆಯ ಗೀರುಗಳಲ್ಲಿ ಬೂದಿ ಕೂತು, ಮಾಸಿದ ಬೆಳ್ಳಿಯ ಮೇಲೆ ಬಿಳಿಯ ಬಳ್ಳಿಯೊಂದು ಮೂಡುತ್ತದೆ.